ವಿದ್ಯಾರ್ಥಿ ಭವನ: ದೋಸೆಯ ರುಚಿ ಮತ್ತು ಅದರ ಹಿಂದಿನ ಕೆಲಸದ ಕ್ರಮ

ಬೆಂಗಳೂರಿನ ಗಾಂಧಿ ಬಜಾರಿನಲ್ಲಿರುವ ವಿದ್ಯಾರ್ಥಿ ಭವನದ ಮಸಾಲೆ ದೋಸೆಯ ಬಗ್ಗೆ ಬರೆದವರು ಬಹಳ ಮಂದಿ ಇದ್ದಾರೆ. ಆ ದೋಸೆ ಕಾವಲಿಯಿಂದ ಎದ್ದು ಗಿರಾಕಿಯ ಮುಂದೆ ಬರುವವರೆಗೆ ನಡೆಯುವ ಕೆಲಸದ ಬಗ್ಗೆ ಬರೆದವರು ಮಾತ್ರ ಕಡಿಮೆ. ಹೊಸದಾಗಿ ತಂಡಗಳ ಜವಾಬ್ದಾರಿ ವಹಿಸಿಕೊಂಡವರಿಗೆ ತರಬೇತಿ ಕೊಡುವುದು ನನ್ನ ಉದ್ಯೋಗ. ಹೀಗಾಗಿ ಹೋಟೆಲಿಗೆ ಹೋದರೂ ನನ್ನ ಗಮನ ತಟ್ಟೆಯ ಮೇಲಿರುವಷ್ಟೇ ತಟ್ಟೆ ಹಿಡಿದವರ ಮೇಲೂ ಇರುತ್ತದೆ. ಈ ವಿಮರ್ಶೆಯಲ್ಲಿ ರುಚಿಗೆ ಸಲ್ಲಬೇಕಾದ ಮಾತನ್ನು ಹೇಳಿ, ಉಳಿದ ಜಾಗವನ್ನೆಲ್ಲ ಅಲ್ಲಿನ ಕೆಲಸದ ಕ್ರಮಕ್ಕೆ ಮೀಸಲಿಡುತ್ತೇನೆ. ಜನರು ಕೆಲಸದಲ್ಲಿ ಸಮರ್ಥರಾಗುವುದು ಹೇಗೆ ಎಂಬ ಪ್ರಶ್ನೆಗೆ ಈ ಹೋಟೆಲು ಕೊಡುವ ಉತ್ತರ, ನಮ್ಮ ಕಚೇರಿಗಳಲ್ಲಿ ಸಾಮಾನ್ಯವಾಗಿ ಸಿಗುವ ಉತ್ತರಕ್ಕಿಂತ ಸ್ಪಷ್ಟವಾಗಿದೆ ಎಂಬುದು ನನ್ನ ಅಭಿಪ್ರಾಯ.

ಮೊದಲು ರುಚಿಯ ಮಾತು. ಇಲ್ಲಿನ ಮಸಾಲೆ ದೋಸೆ ದಪ್ಪವಾಗಿದ್ದು, ಹೊರಗೆ ಕೆಂಪಗೆ ಗರಿಗರಿಯಾಗಿಯೂ ಒಳಗೆ ಮೆತ್ತಗೂ ಇರುತ್ತದೆ. ಆಲೂಗಡ್ಡೆ ಪಲ್ಯ ದೋಸೆಯನ್ನು ಮೀರಿಸದ ಹಾಗೆ ಹದವಾಗಿರುತ್ತದೆ. ಚಟ್ನಿ ತೆಳ್ಳಗಿರುತ್ತದೆ, ಧಾರಾಳವಾಗಿ ಬಡಿಸುತ್ತಾರೆ. ದೋಸೆಗೆ ಸಾಂಬಾರ್ ಕೊಡುವ ಪದ್ಧತಿ ಇಲ್ಲಿಲ್ಲ. ಜಿಡ್ಡು ಕಡಿಮೆ ಇರಬೇಕೆನ್ನುವವರಿಗೆ ಇದು ಸ್ವಲ್ಪ ಭಾರವೆನಿಸಬಹುದು. ನನಗಂತೂ ಈ ಊರಿನಲ್ಲಿ ಇಷ್ಟು ಖಚಿತವಾದ ವ್ಯಕ್ತಿತ್ವವುಳ್ಳ ದೋಸೆ ಬೇರೆಲ್ಲೂ ಸಿಕ್ಕಿಲ್ಲ. ರವೆ ವಡೆ ಚೆನ್ನಾಗಿರುತ್ತದೆ, ಕಾಫಿಯೂ ಒಳ್ಳೆಯದೇ.

1943ರಲ್ಲಿ ವೆಂಕಟರಮಣ ಉರಾಳರು ಆರಂಭಿಸಿದ ಈ ಹೋಟೆಲಿಗೆ ಆಗ ಸುತ್ತಮುತ್ತಲಿನ ವಿದ್ಯಾರ್ಥಿಗಳೇ ಮುಖ್ಯ ಗಿರಾಕಿಗಳಾಗಿದ್ದರು, ಹೆಸರು ಬಂದದ್ದೂ ಅವರಿಂದಲೇ. 1970ರಲ್ಲಿ ಕುಂದಾಪುರದ ಕಡೆಯ ರಾಮಕೃಷ್ಣ ಅಡಿಗರು ಇದನ್ನು ವಹಿಸಿಕೊಂಡರು. ಯಜಮಾನಿಕೆ ಬದಲಾದಾಗ ಹೊಸಬರು ಮೊದಲು ಮಾಡುವ ಕೆಲಸವೆಂದರೆ ತಮ್ಮ ಗುರುತು ಮೂಡಿಸಲು ಏನನ್ನಾದರೂ ಸೇರಿಸುವುದು. ಇಲ್ಲಿ ಅದು ಹೆಚ್ಚಾಗಿ ನಡೆಯಲಿಲ್ಲ ಎಂಬುದಕ್ಕೆ ಇಂದಿಗೂ ಕೆಲವೇ ಸಾಲುಗಳಲ್ಲಿ ಮುಗಿಯುವ ತಿಂಡಿಗಳ ಪಟ್ಟಿಯೇ ಸಾಕ್ಷಿ. ಉತ್ತರ ಭಾರತದ ಊಟವಾಗಲಿ, ಚೈನೀಸ್ ಆಗಲಿ, ಚೀಸ್ ಹಾಕಿದ ದೋಸೆಯಾಗಲಿ ಇಲ್ಲಿ ಸಿಗುವುದಿಲ್ಲ.

ನಿರ್ವಹಣೆಯ ದೃಷ್ಟಿಯಿಂದ ಈ ಹೋಟೆಲಿನ ಅತ್ಯಂತ ಮುಖ್ಯ ನಿರ್ಧಾರ ಆ ಚಿಕ್ಕ ಪಟ್ಟಿಯೇ. ನಿರ್ವಹಣಾಶಾಸ್ತ್ರದ ಹೆಸರಾಂತ ಲೇಖಕ ಪೀಟರ್ ಡ್ರಕರ್ ಅವರು ನಿರ್ವಾಹಕರಿಗೆ ಪದೇ ಪದೇ ಹೇಳುತ್ತಿದ್ದ ಮಾತೊಂದಿದೆ: ಈಗ ಮಾಡುತ್ತಿರುವ ಪ್ರತಿಯೊಂದು ಕೆಲಸವನ್ನೂ ಎದುರಿಗಿಟ್ಟುಕೊಂಡು, ಇದನ್ನು ನಾವು ಇದುವರೆಗೆ ಮಾಡದೇ ಇದ್ದಿದ್ದರೆ ಇಂದು ಹೊಸದಾಗಿ ಕೈಗೆತ್ತಿಕೊಳ್ಳುತ್ತಿದ್ದೆವೇ ಎಂದು ಕೇಳಿಕೊಳ್ಳಬೇಕು, ಇಲ್ಲವೆಂದಾದರೆ ಅದನ್ನು ಕೈಬಿಡಬೇಕು. ಕೇಳಲು ಸುಲಭವಾದ ಈ ಮಾತನ್ನು ಪಾಲಿಸುವುದು ಬಹಳ ಕಷ್ಟ. ಪ್ರತಿ ಹೊಸ ತಿಂಡಿಗೂ ಒಬ್ಬ ಗಿರಾಕಿ ಇದ್ದೇ ಇರುತ್ತಾನೆ, ಬೇಡವೆಂದಾಗ ಆಗುವ ನಷ್ಟ ಕೂಡಲೇ ಕಣ್ಣಿಗೆ ಬೀಳುತ್ತದೆ. ಸೇರಿಸಿದಾಗ ಆಗುವ ನಷ್ಟವಾದರೋ ಅಡುಗೆಮನೆಯ ಗೊಂದಲದಲ್ಲಿ, ತಡವಾಗುವ ತಟ್ಟೆಗಳಲ್ಲಿ, ದಣಿದ ಭಟ್ಟರಲ್ಲಿ ಹಂಚಿಹೋಗುವುದರಿಂದ ಯಾವ ಲೆಕ್ಕದ ಪುಸ್ತಕದಲ್ಲೂ ಕಾಣಿಸಿಕೊಳ್ಳುವುದಿಲ್ಲ. ಕಚೇರಿಗಳಲ್ಲಿ ವರದಿಗಳೂ ಮೀಟಿಂಗುಗಳೂ ವರ್ಷದಿಂದ ವರ್ಷಕ್ಕೆ ಬೆಳೆಯುವುದು ಇದೇ ಕಾರಣಕ್ಕೆ. ಬೇಡವೆಂದು ಹೇಳುವ ಕೆಲಸವನ್ನು ಇಲ್ಲಿ ಮೇಲಿನವರೇ ಮಾಡಿಟ್ಟಿರುವುದರಿಂದ ಕೆಳಗಿನವರು ದಿನಕ್ಕೆ ನೂರು ಸಲ ಅದನ್ನು ಹೇಳಬೇಕಾದ ಪ್ರಸಂಗ ಬರುವುದಿಲ್ಲ.

ಎರಡನೆಯ ಸಂಗತಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ದೊಡ್ಡ ಕಾವಲಿಯ ಮೇಲೆ ಭಟ್ಟರು ಸಾಲಾಗಿ ಹಿಟ್ಟು ಹುಯ್ದು, ಹರಡಿ, ಜಿಡ್ಡು ಚಿಮುಕಿಸಿ, ಪಲ್ಯ ಇಟ್ಟು, ಮಡಚಿ ಒಂದು ಇಡೀ ಒಬ್ಬೆಯನ್ನು ಒಟ್ಟಿಗೆ ಎತ್ತುತ್ತಾರೆ. ಪಂಚೆ ಉಟ್ಟ ಸಪ್ಲೈಯರ್ ಮುಂಗೈಯಿಂದ ಭುಜದ ಕಡೆಗೆ ತಟ್ಟೆಯ ಮೇಲೆ ತಟ್ಟೆ ಜೋಡಿಸಿಕೊಂಡು, ಹನ್ನೆರಡನ್ನೂ ಮೀರಿದ ದೋಸೆಗಳೊಂದಿಗೆ ಹೊರಬರುತ್ತಾರೆ. ಇದರ ಫೋಟೋ ತೆಗೆಯಲು ಜನ ಮುಗಿಬೀಳುತ್ತಾರೆ, ತೆಗೆಯಬೇಕಾದ್ದೇ. ಆದರೆ ನನ್ನನ್ನು ಹೆಚ್ಚು ಸೆಳೆಯುವುದು ತಟ್ಟೆಗಳ ಆ ಗೋಪುರ ಮೇಜುಗಳ ನಡುವೆ ಕರಗುವ ಪರಿ. ಖಾಲಿ ಇರುವ ಕೈಯಿಂದ ಒಂದೊಂದೇ ತಟ್ಟೆಯನ್ನು ತೆಗೆದು, ಕೇಳಿದವರ ಮುಂದೆ ಇಡುತ್ತ, ಹಿಂತಿರುಗಿ ನೋಡದೆ ಮುಂದಿನ ಮೇಜಿಗೆ ಹೋಗುತ್ತಾರೆ. ಅವರ ಹಿಂದೆಯೇ ಚಟ್ನಿಯವರು ಬರುತ್ತಾರೆ. ಈ ಇಬ್ಬರ ನಡುವೆ ಒಂದು ಮಾತೂ ನಡೆಯುವುದಿಲ್ಲ. ನಡೆಯುವ ಅಗತ್ಯವೂ ಇಲ್ಲ, ಏಕೆಂದರೆ ದೋಸೆ ಇಟ್ಟ ಮೇಜೇ ಚಟ್ನಿಯವರಿಗೆ ಸೂಚನೆ.

1940ರ ದಶಕದಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ವಿಲಿಯಂ ಫೂಟ್ ವೈಟ್ ಅವರು ಷಿಕಾಗೋ ನಗರದ ರೆಸ್ಟೋರೆಂಟುಗಳಲ್ಲಿ ಕೆಲಸಗಾರರ ಸಂಬಂಧಗಳನ್ನು ಅಧ್ಯಯನ ಮಾಡಿದ್ದರು. ಬಡಿಸುವ ಹೆಂಗಸರು ಅಡುಗೆಯವರಿಗೆ ಕೂಗಿ ಹೇಳಿ ಆರ್ಡರು ಕೊಡುತ್ತಿದ್ದ ಕಡೆ ಜಗಳಗಳು ಹೆಚ್ಚಾಗಿದ್ದವು. ಹೆಚ್ಚು ಅನುಭವವೂ ಹೆಚ್ಚು ಸಂಬಳವೂ ಇದ್ದ ಅಡುಗೆಯವರಿಗೆ, ತಮಗಿಂತ ಕೆಳಗಿನವರೆಂದು ತಾವು ಎಣಿಸಿದ್ದವರಿಂದ ಬರುವ ಆಜ್ಞೆ ಸಹಿಸಲು ಕಷ್ಟವಾಗುತ್ತಿತ್ತು. ಆರ್ಡರಿನ ಚೀಟಿಯನ್ನು ಸಿಕ್ಕಿಸುವ ತಿರುಗುಚಕ್ರವೊಂದನ್ನು ನಡುವೆ ಇಟ್ಟರೆ ಆ ಘರ್ಷಣೆ ಎಷ್ಟೋ ತಗ್ಗುತ್ತದೆ ಎಂಬುದನ್ನು ವೈಟ್ ತೋರಿಸಿದರು. ಮನುಷ್ಯರ ಸ್ವಭಾವ ಬದಲಾಗಿರಲಿಲ್ಲ, ಅವರು ಒಬ್ಬರನ್ನೊಬ್ಬರು ಎದುರಿಸುವ ರೀತಿ ಬದಲಾಗಿತ್ತು. ವಿದ್ಯಾರ್ಥಿ ಭವನದಲ್ಲಿ ಇದೇ ಕೆಲಸವನ್ನು ಕಾವಲಿಯ ಲಯ ಮಾಡುತ್ತದೆ. ದೋಸೆ ನಿರಂತರವಾಗಿ ಬೇಯುತ್ತಲೇ ಇರುವುದರಿಂದ ಯಾರೂ ಭಟ್ಟರ ಹತ್ತಿರ ಹೋಗಿ ಏಳನೇ ಮೇಜಿನ ದೋಸೆ ಎಲ್ಲಿ ಎಂದು ಅವಸರಪಡಿಸುವುದಿಲ್ಲ. ತಂಡದೊಳಗೆ ಮನಸ್ತಾಪವಿದೆ ಎಂದು ಯಾರಾದರೂ ನನ್ನ ಬಳಿ ಬಂದಾಗ, ಇಬ್ಬರನ್ನೂ ಕೂರಿಸಿ ಬುದ್ಧಿ ಹೇಳುವುದಕ್ಕೆ ಮೊದಲು ಕೆಲಸವು ಒಬ್ಬರಿಂದ ಇನ್ನೊಬ್ಬರಿಗೆ ದಾಟುವ ಜಾಗವನ್ನು ನೋಡಿ ಎಂದು ನಾನು ಹೇಳುವುದು ಇದಕ್ಕಾಗಿ.

ಇದಕ್ಕೆ ವಿರುದ್ಧವಾದ ಅನುಭವವೂ ನನಗಿದೆ. ನಗರದ ಇನ್ನೊಂದು ಹೋಟೆಲಿನಲ್ಲಿ, ಅದರ ಹೆಸರು ಇಲ್ಲಿ ಬೇಡ, ಪ್ರತಿ ಸಪ್ಲೈಯರ್ ಕೈಯಲ್ಲೂ ಟ್ಯಾಬ್ಲೆಟ್ ಇತ್ತು. ಆರ್ಡರು ಕ್ಷಣದಲ್ಲಿ ಅಡುಗೆಮನೆಯ ಪರದೆಯ ಮೇಲೆ ಮೂಡುತ್ತಿತ್ತು. ಆದರೂ ನಮ್ಮ ದೋಸೆ ಕೌಂಟರಿನ ಮೇಲೆಯೇ ಆರಿತು. ತಯಾರಾದ ತಟ್ಟೆಯನ್ನು ಎತ್ತಿಕೊಂಡು ಬರುವ ಹೊಣೆ ಯಾರದೆಂಬುದು ಯಾರಿಗೂ ಗೊತ್ತಿರಲಿಲ್ಲ, ಪ್ರತಿಯೊಬ್ಬರೂ ತಮ್ಮ ತಮ್ಮ ಮೇಜಿನ ಸಂಖ್ಯೆ ಹುಡುಕುತ್ತ ನಿಂತಿದ್ದರು. ಯಂತ್ರದಲ್ಲಿ ದೋಷವಿರಲಿಲ್ಲ. ಮೇಜುಗಳನ್ನು ಹಂಚಿದವರು ಕೆಲಸವನ್ನು ಹಂಚಿರಲಿಲ್ಲ, ಅಷ್ಟೆ.

ವಿದ್ಯಾರ್ಥಿ ಭವನದ ಸಪ್ಲೈಯರ್‌ಗಳ ನೆನಪಿನ ಶಕ್ತಿಯನ್ನು ಎಲ್ಲರೂ ಹೊಗಳುತ್ತಾರೆ. ಹಲವು ಮೇಜುಗಳವರು ಹೇಳಿದ್ದನ್ನು ಬರೆದುಕೊಳ್ಳದೆ ನೆನಪಿಟ್ಟುಕೊಂಡು, ಯಾರಿಗೆ ಮಸಾಲೆ, ಯಾರಿಗೆ ಸಾದಾ, ಯಾರಿಗೆ ಖಾಲಿ ಎಂಬುದನ್ನು ತಪ್ಪದೆ ಬಡಿಸುವುದು ನಿಜವಾಗಿಯೂ ಮೆಚ್ಚಬೇಕಾದ ಪರಿಣತಿ. ಸಪ್ಲೈಯರ್‌ಗಳ ನೆನಪಿಗೂ ಮನಶ್ಶಾಸ್ತ್ರಕ್ಕೂ ಒಂದು ಹಳೆಯ ನಂಟಿದೆ. ಬರ್ಲಿನ್ ನಗರದ ಹೋಟೆಲೊಂದರಲ್ಲಿ ಸಪ್ಲೈಯರ್‌ಗಳು ಬಿಲ್ ಪಾವತಿಯಾಗದ ಆರ್ಡರುಗಳನ್ನು ಚೆನ್ನಾಗಿ ನೆನಪಿಟ್ಟುಕೊಂಡು, ಪಾವತಿಯಾದ ಕೂಡಲೇ ಮರೆತುಬಿಡುತ್ತಿದ್ದುದನ್ನು ಮನಶ್ಶಾಸ್ತ್ರಜ್ಞ ಕರ್ಟ್ ಲೆವಿನ್ ಗಮನಿಸಿದ್ದರೆಂದು ಹೇಳುತ್ತಾರೆ. ಅವರ ಶಿಷ್ಯೆ ಬ್ಲೂಮಾ ಝೈಗಾರ್ನಿಕ್ 1927ರಲ್ಲಿ, ಅರ್ಧಕ್ಕೆ ನಿಂತ ಕೆಲಸಗಳು ಮುಗಿದ ಕೆಲಸಗಳಿಗಿಂತ ಹೆಚ್ಚು ನೆನಪಿನಲ್ಲಿ ಉಳಿಯುತ್ತವೆ ಎಂಬ ತಮ್ಮ ಪ್ರಯೋಗಗಳ ಫಲಿತಾಂಶವನ್ನು ಪ್ರಕಟಿಸಿದರು. ಮುಂದೆ ಅದೇ ಪ್ರಯೋಗವನ್ನು ಮಾಡಿದವರೆಲ್ಲರಿಗೂ ಅದೇ ಫಲ ಸಿಗಲಿಲ್ಲ ಎಂಬುದನ್ನೂ ಹೇಳಬೇಕು. ಹಾಗಾಗಿ ಇದನ್ನು ನಿಯಮವೆಂದು ಹಿಡಿಯುವಂತಿಲ್ಲ. ನನಗೆ ಮುಖ್ಯವೆನಿಸುವುದು ಇಷ್ಟು: ಇಲ್ಲಿನವರ ನೆನಪು ಕೆಲಸ ಮಾಡುವುದು ನೆನಪಿಡಬೇಕಾದ ಬಗೆಗಳು ಕೆಲವೇ ಆಗಿರುವುದರಿಂದ. ಎಂಬತ್ತು ತಿಂಡಿಗಳ ಪಟ್ಟಿ ಕೊಟ್ಟರೆ ಇದೇ ಜನರ ಕೈಯಲ್ಲಿ ಮರುದಿನವೇ ಚೀಟಿ ಪುಸ್ತಕ ಬರುತ್ತದೆ. ಒಬ್ಬ ಉದ್ಯೋಗಿಯನ್ನು ಅಸಾಧಾರಣನೆಂದು ಕೊಂಡಾಡುವಾಗ, ಅವನು ಹಾಗೆ ಕಾಣುವಂತೆ ಮಾಡಿದ ಏರ್ಪಾಡನ್ನು ನಾವು ಮರೆಯುತ್ತೇವೆ. ಅವನನ್ನೇ ಬೇರೆ ಕಂಪನಿ ಹೆಚ್ಚು ಸಂಬಳಕ್ಕೆ ಕರೆದೊಯ್ದು, ಆರು ತಿಂಗಳಾದ ಮೇಲೆ ನಿರಾಶೆಗೊಳ್ಳುವುದನ್ನು ನಾನು ಕಂಡಿದ್ದೇನೆ.

ಇನ್ನು ಸರದಿಯ ವಿಚಾರ. ಶನಿವಾರ ಮತ್ತು ಭಾನುವಾರ ಬಾಗಿಲಲ್ಲಿ ಹೆಸರು ಬರೆಸಿ ಕಾಯಬೇಕಾಗುತ್ತದೆ. ಕೂಗಿದಾಗ ಒಳಗೆ ಹೋಗಿ, ಸಿಕ್ಕ ಜಾಗದಲ್ಲಿ, ಅನೇಕ ವೇಳೆ ಅಪರಿಚಿತರ ಎದುರಿಗೇ ಕೂರಬೇಕು. ಸರದಿಗಳ ಬಗ್ಗೆ ಅಮೆರಿಕದ ವಿದ್ವಾಂಸ ಜಾನ್ ಲಿಟ್ಲ್ ಅವರು 1961ರಲ್ಲಿ ಸಾಧಿಸಿ ತೋರಿಸಿದ ಸರಳ ಸೂತ್ರವೊಂದಿದೆ. ಒಳಗಿರುವ ಸರಾಸರಿ ಜನಸಂಖ್ಯೆಯು, ಜನ ಬರುವ ವೇಗವನ್ನು ಅವರು ಒಳಗೆ ಕಳೆಯುವ ಸರಾಸರಿ ಸಮಯದಿಂದ ಗುಣಿಸಿದಷ್ಟಿರುತ್ತದೆ. ಉದಾಹರಣೆಗೆ, ಅರವತ್ತು ಆಸನಗಳ ಹೋಟೆಲಿನಲ್ಲಿ ಪ್ರತಿಯೊಬ್ಬರೂ ಇಪ್ಪತ್ತು ನಿಮಿಷ ಕೂತರೆ ನಿಮಿಷಕ್ಕೆ ಮೂವರು ಒಳಗೆ ಬರಬಹುದು. ನಲವತ್ತು ನಿಮಿಷ ಕೂತರೆ ಒಂದೂವರೆ ಮಂದಿ ಮಾತ್ರ. ಆಸನ ಹೆಚ್ಚಿಸಲಾಗದ ಹಳೆಯ ಕಟ್ಟಡದಲ್ಲಿ ಬದಲಿಸಬಹುದಾದದ್ದು ಸಮಯವೊಂದೇ. ಹಾಗೆಂದು ಗಿರಾಕಿಯನ್ನು ಎಬ್ಬಿಸುವಂತಿಲ್ಲ. ಆದ್ದರಿಂದ ಗಿರಾಕಿ ಸುಮ್ಮನೆ ಕಾಯುವ ಸಮಯವನ್ನು ಕಡಿಮೆ ಮಾಡಬೇಕು, ತಿನ್ನುವ ಸಮಯವನ್ನು ಮುಟ್ಟಬಾರದು. ಕೂತ ಕೂಡಲೇ ಆರ್ಡರು, ಒಬ್ಬೆ ಬಂದ ಕೂಡಲೇ ದೋಸೆ, ಕೇಳುವ ಮೊದಲೇ ಚಟ್ನಿ, ತಟ್ಟೆ ಎತ್ತುವಾಗಲೇ ಕಾಫಿಯ ವಿಚಾರಣೆ, ಹೀಗೆ ಇಲ್ಲಿ ಉಳಿಸಿರುವುದೆಲ್ಲ ಕಾಯುವ ಸಮಯವನ್ನೇ. ಕಚೇರಿಯಲ್ಲಿ ಒಂದು ಕಡತ ಹದಿನೈದು ದಿನ ತೆಗೆದುಕೊಂಡಿತೆಂದರೆ ಅದರ ಮೇಲೆ ನಿಜವಾಗಿ ಕೆಲಸ ನಡೆದದ್ದು ಕೆಲವೇ ಗಂಟೆಗಳಿರಬಹುದು. ಉಳಿದ ದಿನಗಳಲ್ಲಿ ಅದು ಯಾರದೋ ಮೇಜಿನ ಮೇಲೆ ಕಾದಿರುತ್ತದೆ. ಕೆಲಸಗಾರರನ್ನು ಬೇಗ ಬೇಗ ಎಂದು ಗದರಿಸುವವರು ಆ ಕೆಲವು ಗಂಟೆಗಳನ್ನಷ್ಟೇ ಹಿಂಡುತ್ತಾರೆ, ಕಾಯುವ ದಿನಗಳು ಹಾಗೆಯೇ ಉಳಿಯುತ್ತವೆ.

ಕೊರತೆಗಳೂ ಇವೆ. ರಜಾದಿನಗಳಲ್ಲಿ ಹೊರಗೆ ನಿಂತು ಕಾಯುವುದು ವಯಸ್ಸಾದವರಿಗೂ ಚಿಕ್ಕ ಮಕ್ಕಳನ್ನು ಕರೆತಂದವರಿಗೂ ಕಷ್ಟ. ಒಳಗೆ ಗದ್ದಲವಿರುತ್ತದೆ, ಪಕ್ಕದಲ್ಲಿ ಯಾರಾದರೂ ಜಾಗಕ್ಕಾಗಿ ನೋಡುತ್ತಿರುವಾಗ ನಿಧಾನವಾಗಿ ಹರಟಲು ಮನಸ್ಸಾಗುವುದಿಲ್ಲ. ಗೋಡೆಯ ಮೇಲಿರುವ ಕನ್ನಡದ ಸಾಹಿತಿಗಳ ಚಿತ್ರಗಳನ್ನು ನಿಂತು ನೋಡುವಷ್ಟು ವ್ಯವಧಾನವನ್ನು ಭಾನುವಾರ ಬೆಳಗ್ಗೆ ನಿರೀಕ್ಷಿಸಬಾರದು. ನಿರ್ವಹಣೆಯ ಕಡೆಯಿಂದ ನನಗಿರುವ ಕಳವಳ ಬೇರೆಯದು. ಇಷ್ಟೊಂದು ತಿಳಿವಳಿಕೆ ಕೈಗಳಲ್ಲಿ, ತೋಳುಗಳಲ್ಲಿ, ನೆನಪಿನಲ್ಲಿ ಇರುವಾಗ ಹಳಬರು ಬಿಟ್ಟುಹೋದರೆ ಅದೂ ಅವರೊಂದಿಗೇ ಹೋಗಬಹುದು. ಹೋಟೆಲ್ ಕೆಲಸಕ್ಕೆ ಕರಾವಳಿಯಿಂದ ಹುಡುಗರು ಬರುತ್ತಿದ್ದ ಕಾಲ ಈಗಿಲ್ಲವೆಂದು ಈ ಉದ್ಯಮದವರೆಲ್ಲ ಹೇಳುತ್ತಾರೆ. ಹೊಸಬರನ್ನು ಹಳಬರ ಪಕ್ಕದಲ್ಲಿಟ್ಟು ಕಲಿಸಲು ಬೇಕಾದ ಸಮಯವನ್ನು ಯಾವ ಹೋಟೆಲೂ ಖರ್ಚೆಂದು ಎಣಿಸಬಾರದು. ತೋಳಿನ ಮೇಲೆ ದಿನವಿಡೀ ಹೊರುವ ಆ ಭಾರವೂ ಸಾಮಾನ್ಯದ್ದಲ್ಲ. ನಾವು ಚಪ್ಪಾಳೆ ತಟ್ಟಿ ಫೋಟೋ ತೆಗೆಯುವ ಆ ನೋಟ, ಹೊರುವವರ ಬೆನ್ನಿಗೂ ಭುಜಕ್ಕೂ ಏನು ಮಾಡುತ್ತದೆ ಎಂಬುದು ಗಿರಾಕಿಗಳಾದ ನಮಗೂ ಸೇರಿದ ಪ್ರಶ್ನೆ.

ಹೋಗಬೇಕೆನ್ನುವವರಿಗೆ ಕೆಲವು ಮಾತು. ಶುಕ್ರವಾರ ರಜೆ. ಮಧ್ಯಾಹ್ನ ಕೆಲಹೊತ್ತು ಬಾಗಿಲು ಹಾಕಿರುತ್ತದೆ. ವಾರದ ದಿನ ಬೆಳಗ್ಗೆ ಬೇಗ ಹೋದರೆ ಕಾಯುವುದು ಕಡಿಮೆ, ಕೆಲಸದ ಕ್ರಮವನ್ನು ಸಮಾಧಾನವಾಗಿ ಗಮನಿಸಲೂ ಆಗುತ್ತದೆ. ಹೊಸದಾಗಿ ತಂಡದ ಮುಂದಾಳುಗಳಾದವರನ್ನು ನಾನು ಕರೆದೊಯ್ಯುವುದು ಆ ಹೊತ್ತಿಗೇ. ಅಡುಗೆಮನೆಯ ಬಾಗಿಲು ಕಾಣುವ ಕಡೆ ಕೂರಲು ಪ್ರಯತ್ನಿಸಿ. ರವೆ ವಡೆಯನ್ನೂ ದೋಸೆಯನ್ನೂ ಒಟ್ಟಿಗೇ ಹೇಳಿಬಿಡಿ. ದೋಸೆ ಮುಗಿದ ಮೇಲೆ ವಡೆ ಕೇಳಿದರೆ ತರುತ್ತಾರೆ, ಆದರೆ ಅಷ್ಟರಲ್ಲಿ ನಿಮ್ಮ ಸಪ್ಲೈಯರ್ ಮುಂದಿನ ಒಬ್ಬೆಯನ್ನು ತೋಳಿಗೇರಿಸಿಕೊಂಡು ಇನ್ನೊಂದು ಸಾಲಿನ ಕಡೆ ಹೊರಟಿರುತ್ತಾರೆ.