ಚಿತ್ರಕ್ಕೆ ಬೆಲೆ, ಒಕ್ಕಣೆಗೆ ರಿಯಾಯಿತಿ: ಅವೆನ್ಯೂ ರಸ್ತೆಯ ಹಳೆಯ ಕಾರ್ಡುಗಳ ಅಂಗಡಿ

ಚಿಕ್ಕಪೇಟೆ ಮೆಟ್ರೊ ನಿಲ್ದಾಣದಲ್ಲಿ ಇಳಿದು, ಅವೆನ್ಯೂ ರಸ್ತೆಯ ಪಠ್ಯಪುಸ್ತಕದ ಅಂಗಡಿಗಳನ್ನೂ ಫುಟ್‌ಪಾತಿನ ಮೇಲೆ ಹರಡಿದ ಹಳೆಯ ಗೈಡುಗಳ ರಾಶಿಯನ್ನೂ ದಾಟಿದರೆ ಒಂದು ಅಡ್ಡ ಓಣಿ ಸಿಗುತ್ತದೆ. ಆ ಓಣಿಯಲ್ಲಿ ಲಗ್ನಪತ್ರಿಕೆ ಮಾರುವ ಮಳಿಗೆಯೊಂದರ ಮಹಡಿಯ ಮೇಲಿರುವ, ಹತ್ತಡಿ ಅಗಲವೂ ಇಲ್ಲದ ಕೋಣೆಯೇ ಈ ವಿಮರ್ಶೆಯ ವಸ್ತು. ಹಳೆಯ ಅಂಚೆ ಕಾರ್ಡುಗಳನ್ನು ಕೊಳ್ಳುವ, ಮಾರುವ, ಪರಸ್ಪರ ವಿನಿಮಯ ಮಾಡಿಸುವ ಈ ಅಂಗಡಿಗೆ ನಾಮಫಲಕವಿಲ್ಲ; ಹೆಸರು ಬರೆಯಬಾರದೆಂದು ಮಾಲೀಕರೇ ಕೇಳಿಕೊಂಡಿರುವುದರಿಂದ ನಾನೂ ಬರೆಯುವುದಿಲ್ಲ. ಬೀದಿಯಲ್ಲಿ ಹಳೆಯ ಪುಸ್ತಕ ಮಾರುವ ಯಾರನ್ನು ಕೇಳಿದರೂ ಬೆರಳೆತ್ತಿ ಮೇಲಕ್ಕೆ ತೋರಿಸುತ್ತಾರೆ. ಎರಡು ವರ್ಷಗಳಿಂದ ಅಲ್ಲಿಗೆ ಹೋಗಿಬರುತ್ತಿರುವ, ಹಲವು ಸಲ ಖುಷಿಪಟ್ಟು ಒಂದು ಸಲ ಮೋಸಹೋದ ಗಿರಾಕಿಯಾಗಿ ಈ ಮಾತುಗಳನ್ನು ಬರೆಯುತ್ತಿದ್ದೇನೆ.

ಸರಕು ಎರಡು ಬಗೆಯದು. ಗೋಡೆಯ ಮರದ ಖಾನೆಗಳಲ್ಲಿ ಚಿತ್ರದ ಕಾರ್ಡುಗಳಿವೆ. ನೆಲದ ಮೇಲಿನ ರಟ್ಟಿನ ಪೆಟ್ಟಿಗೆಗಳಲ್ಲಿ ಸರ್ಕಾರಿ ಕಾರ್ಡುಗಳಿವೆ, ಅಂದರೆ ಅಂಚೆ ಇಲಾಖೆಯೇ ಚೀಟಿಯ ಸಮೇತ ಅಚ್ಚು ಹಾಕಿಸಿ ಮಾರಿದ, ಒಂದು ಕಾಲದಲ್ಲಿ ನಮ್ಮೆಲ್ಲರ ಮನೆಗೆ ಬರುತ್ತಿದ್ದ ಕಾರ್ಡುಗಳು. ಆಸ್ಟ್ರಿಯಾ-ಹಂಗೇರಿಯಲ್ಲಿ 1869ರ ಅಕ್ಟೋಬರ್ 1ರಂದು ಹುಟ್ಟಿದ ಅಂಚೆ ಕಾರ್ಡು ಭಾರತಕ್ಕೆ ಬಂದದ್ದು 1879ರ ಜುಲೈಯಲ್ಲಿ, ಕಾಲಾಣೆ ಬೆಲೆಗೆ. ವಿಕ್ಟೋರಿಯಾ ರಾಣಿಯ ಮುಖವಿರುವ ಆ ಕಾಲಾಣೆಯ ಕಾರ್ಡು ಇಲ್ಲಿ 150 ರೂಪಾಯಿಗೆ ಸಿಗುತ್ತದೆ. ಹಳೆಯದಾದಷ್ಟೂ ದುಬಾರಿ ಎಂದು ತಿಳಿದು ಬಂದವರಿಗೆ ಇದು ಅಗ್ಗವೆನಿಸಬಹುದು. ಆದರೆ ಅಂಥ ಕಾರ್ಡುಗಳು ಆ ಕಾಲದಲ್ಲಿ ಯಥೇಚ್ಛವಾಗಿ ಬಳಕೆಯಾದವು, ಆದ್ದರಿಂದ ಬೆಲೆ ನ್ಯಾಯವಾದದ್ದೇ.

ಬೆಲೆ ಏರುವುದು ಚಿತ್ರದ ಕಾರ್ಡುಗಳಲ್ಲಿ. ಮದ್ರಾಸು ಮತ್ತು ಬೆಂಗಳೂರಿನ ಹಿಗ್ಗಿನ್‌ಬಾಥಮ್ಸ್ ಪ್ರಕಟಿಸಿದ ದಂಡು ಪ್ರದೇಶದ ನೋಟಗಳು, ಲಂಡನ್ನಿನ ರಾಫೆಲ್ ಟಕ್ ಕಂಪನಿಯ ಬಣ್ಣದ ಕಾರ್ಡುಗಳು, ಹೆಸರಿಲ್ಲದ ಸ್ಟುಡಿಯೋಗಳ ಅಪ್ಪಟ ಫೋಟೊ ಕಾರ್ಡುಗಳು 400ರಿಂದ 1,500 ರೂಪಾಯಿಯವರೆಗೆ ಇವೆ. ಇಲ್ಲಿ ಗಿರಾಕಿ ತನ್ನ ತಿಳಿವಳಿಕೆಯನ್ನು ತಾನೇ ಹೊತ್ತುಕೊಂಡು ಹೋಗಬೇಕು, ಏಕೆಂದರೆ ಅಂಗಡಿಯ ಚೀಟಿಯಲ್ಲಿ ಬರೆದ ಕಾಲವನ್ನು ನಂಬುವಂತಿಲ್ಲ. ಕಬ್ಬನ್ ಪಾರ್ಕಿನ ವಿಕ್ಟೋರಿಯಾ ಪ್ರತಿಮೆಯಿರುವ ಒಂದು ಕಾರ್ಡಿಗೆ ‘ಸುಮಾರು 1895’ ಎಂದು ಬರೆಯಲಾಗಿತ್ತು. ಆ ಪ್ರತಿಮೆಯ ಅನಾವರಣವಾದದ್ದೇ 1906ರಲ್ಲಿ. ಸಾಲದ್ದಕ್ಕೆ ಕಾರ್ಡಿನ ಹಿಂಬದಿಯನ್ನು ನಡುವೆ ಗೆರೆಯೆಳೆದು ಎರಡಾಗಿಸಲಾಗಿತ್ತು: ಎಡಕ್ಕೆ ಒಕ್ಕಣೆ, ಬಲಕ್ಕೆ ವಿಳಾಸ. ಈ ಏರ್ಪಾಡಿಗೆ ಬ್ರಿಟನ್ನು ಒಪ್ಪಿಗೆ ಕೊಟ್ಟದ್ದು 1902ರಲ್ಲಿ, ಅಮೆರಿಕ 1907ರಲ್ಲಿ. ಅದಕ್ಕೆ ಮೊದಲು ಹಿಂಬದಿಯೆಲ್ಲ ವಿಳಾಸಕ್ಕೇ ಮೀಸಲಾಗಿದ್ದು, ಹೇಳಬೇಕಾದದ್ದನ್ನು ಚಿತ್ರದ ಅಂಚಿನಲ್ಲಿ ಗೀಚಬೇಕಿತ್ತು. ಇಷ್ಟನ್ನು ವಿವರಿಸಿದಾಗ ಮಾಲೀಕರು ವಾದಿಸಲಿಲ್ಲ. ‘ಹಾಗಾದ್ರೆ ನೀವೇ ಹೇಳಿ ಸಾರ್, ಎಷ್ಟು ಹಾಕಲಿ’ ಎಂದು ಕೇಳಿ, ಬಾಲ್‌ಪೆನ್ನಿನಿಂದ ಇಸವಿಯನ್ನು ಹೊಡೆದುಹಾಕಿದರು. ಅವರ ವಿನಯ ಹಿಡಿಸಿತು, ಬಾಲ್‌ಪೆನ್ನು ಹಿಡಿಸಲಿಲ್ಲ. ಆ ವಿಷಯಕ್ಕೆ ಮುಂದೆ ಬರುತ್ತೇನೆ.

ನನ್ನ ಮಟ್ಟಿಗೆ ಈ ಅಂಗಡಿಯ ನಿಜವಾದ ಸಂಪತ್ತು ನೆಲದ ಮೇಲಿನ ಪೆಟ್ಟಿಗೆಗಳಲ್ಲಿದೆ, ಮತ್ತು ಮಾಲೀಕರಿಗೆ ಅದರ ಬೆಲೆ ಗೊತ್ತಿಲ್ಲದಿರುವುದು ನಮ್ಮ ಪುಣ್ಯ. ಬರೆದು ಬಳಸಿದ ಕನ್ನಡದ ಕಾರ್ಡು 20 ರೂಪಾಯಿ. ನಡುವೆ ತೂತಿದ್ದರೆ 10. ತೂತು ಏಕೆಂದು ಹಿರಿಯರಿಗೆ ಹೇಳಬೇಕಾಗಿಲ್ಲ: ಬಂದ ಕಾಗದವನ್ನೆಲ್ಲ ಓದಿದ ಮೇಲೆ, ಗೋಡೆಯ ಮೊಳೆಗೆ ನೇತುಹಾಕಿದ ಕೊಕ್ಕೆಯ ತಂತಿಗೆ ಚುಚ್ಚಿಡುವುದು ನಮ್ಮ ಮನೆಗಳ ರೂಢಿಯಾಗಿತ್ತು. ಅಂಥ ತಂತಿಯೊಂದು ಇಡಿಯಾಗಿ ಗುಜರಿಗೆ ಬಿದ್ದು ಇಲ್ಲಿಗೆ ಬಂದರೆ, ಒಂದು ಮನೆಯ ಹತ್ತಿಪ್ಪತ್ತು ವರ್ಷಗಳ ಯೋಗಕ್ಷೇಮ ಕೆಳಗಿನಿಂದ ಮೇಲಕ್ಕೆ ಕ್ರಮವಾಗಿ ಸಿಗುತ್ತದೆ. ಅಂಗಡಿಯವರ ಲೆಕ್ಕದಲ್ಲಿ ಊನವಾದದ್ದು ನನ್ನ ಲೆಕ್ಕದಲ್ಲಿ ಪುಟಸಂಖ್ಯೆ.

ನಾನು 10 ರೂಪಾಯಿಗೆ ಕೊಂಡ ಒಂದು ಕಾರ್ಡನ್ನೇ ನೋಡಿ. ಅಂಚೆಮುದ್ರೆಯ ಇಸವಿ ಅಳಿಸಿಹೋಗಿದೆ. ಆದರೆ ಬೆಲೆ ‘ನಯೇ ಪೈಸೆ’ಯಲ್ಲಿರುವುದರಿಂದ 1957ರ ದಶಮಾಂಶ ನಾಣ್ಯಪದ್ಧತಿಯ ನಂತರದ್ದು ಎನ್ನಬಹುದು, ‘ನಯಾ’ ಎಂಬ ವಿಶೇಷಣವನ್ನು 1964ರಲ್ಲಿ ಕೈಬಿಟ್ಟದ್ದರಿಂದ ಬಹಳ ಈಚಿನದೂ ಅಲ್ಲ. ವಿಳಾಸದಲ್ಲಿ ಪಿನ್‌ಕೋಡ್ ಇಲ್ಲ. ಅದು ಜಾರಿಗೆ ಬಂದದ್ದು 1972ರಲ್ಲಿ. ಒಕ್ಕಣೆ ‘ಕ್ಷೇಮ’ ಎಂಬ ತಲೆಬರಹದಿಂದ ತೊಡಗಿ, ‘ಉಭಯಕುಶಲೋಪರಿ ಸಾಂಪ್ರತ’ ಮುಗಿಸಿ, ನೇರವಾಗಿ ವಿಷಯಕ್ಕೆ ಬರುತ್ತದೆ: ‘ರಾಗಿಯ ಮೂಟೆಯನ್ನು ಬಸ್ಸಿನ ಮೇಲೆ ಹಾಕಿಸಿದ್ದೇನೆ. ಕಲಾಸಿಪಾಳ್ಯದಲ್ಲಿ ಯಾರಾದರೂ ನಿಂತಿರತಕ್ಕದ್ದು. ಮಗುವಿಗೆ ಕೆಮ್ಮು ಇಳಿಮುಖ.’ ಜಾಗ ಸಾಲದೆ ಉಳಿದ ಎರಡು ಸಾಲುಗಳು ವಿಳಾಸದ ಪಕ್ಕದಲ್ಲಿ ಅಡ್ಡಲಾಗಿ ಹತ್ತಿವೆ. ನಾಲ್ಕು ಮೂಲೆಗೂ ಅರಿಶಿನ ಸವರಿದ ಶುಭಕಾರ್ಯದ ಕಾರ್ಡುಗಳೂ ಅದೇ ಪೆಟ್ಟಿಗೆಯಲ್ಲಿ ಬೇಕಾದಷ್ಟಿವೆ. ಸಾವಿನ ಸುದ್ದಿಯ ಕಾರ್ಡು ಮಾತ್ರ ಈ ಎರಡು ವರ್ಷಗಳಲ್ಲಿ ನನಗೆ ಒಂದೂ ಸಿಕ್ಕಿಲ್ಲ. ಓದಿದ ಕೂಡಲೇ ಹರಿದುಹಾಕುವುದು ಪದ್ಧತಿಯಾಗಿದ್ದುದರಿಂದ ಅದು ತಂತಿಯನ್ನು ಸೇರುತ್ತಲೇ ಇರಲಿಲ್ಲ.

ಪೆಟ್ಟಿಗೆಯ ಮುಂದೆ ಮೂರು ಗಂಟೆ ಕುಳಿತು, ಎಲ್ಲವನ್ನೂ ಓದಿ, ಒಂದನ್ನೂ ಕೊಳ್ಳದೆ ಎದ್ದು ಬಂದರೂ ಇಲ್ಲಿ ಯಾರೂ ಮುಖ ಗಂಟಿಕ್ಕುವುದಿಲ್ಲ. ‘ಓದೋಕೆ ಕಾಸಿಲ್ಲ ಸಾರ್, ತಗೊಂಡ್ರೆ ಮಾತ್ರ’ ಎಂಬುದು ಮಾಲೀಕರ ನೀತಿ. ಬೆಂಗಳೂರಿನ ಬೇರೆ ಯಾವ ಹಳೆಯ ವಸ್ತುಗಳ ಅಂಗಡಿಯಲ್ಲೂ ನನಗೆ ಈ ಸೌಜನ್ಯ ಸಿಕ್ಕಿಲ್ಲ.

ಇನ್ನು ದೂರುಗಳು. ಬೆಲೆಯನ್ನು ಕಾರ್ಡಿನ ಮೈಮೇಲೆಯೇ ನೀಲಿ ಬಾಲ್‌ಪೆನ್ನಿನಲ್ಲಿ ಬರೆಯುವುದು ಅಕ್ಷಮ್ಯ. ಎಂಬತ್ತು ವರ್ಷ ಹಾಳಾಗದೆ ಉಳಿದದ್ದು ಅಂಗಡಿಯ ಮೆಟ್ಟಿಲು ಹತ್ತಿದ ದಿನ ಹಾಳಾಗುತ್ತದೆ. ಕೆಲವು ಕಾರ್ಡುಗಳಿಂದ ಅಂಚೆಚೀಟಿಯನ್ನು ಕಿತ್ತು ಬೇರೆಯಾಗಿ ಮಾರಲಾಗಿದೆ, ಅದರೊಂದಿಗೆ ಮುದ್ರೆಯ ಅರ್ಧಭಾಗವೂ ಹೋಗಿ ತಾರೀಖು ತಿಳಿಯುವ ದಾರಿಯೇ ಮುಚ್ಚಿದೆ. ಟಕ್ ಕಂಪನಿಯ ಕಾರ್ಡುಗಳಲ್ಲಂತೂ ಇದು ದೊಡ್ಡ ನಷ್ಟ, ಏಕೆಂದರೆ 1940ರ ಡಿಸೆಂಬರಿನ ಬಾಂಬ್ ದಾಳಿಯಲ್ಲಿ ಆ ಕಂಪನಿಯ ಲಂಡನ್ ಕಟ್ಟಡವೂ ಅದರ ದಾಖಲೆಗಳೂ ಸುಟ್ಟುಹೋದವು. ದುಬಾರಿ ಕಾರ್ಡುಗಳನ್ನು ಹಾಕಿಕೊಡುವ ಚೀಲ ಮೆದುವಾದ ಪಿವಿಸಿಯದು; ಅದು ವರ್ಷಗಳು ಕಳೆದಂತೆ ಜಿಗುಟಾಗಿ ಚಿತ್ರಕ್ಕೆ ಅಂಟಿಕೊಳ್ಳುತ್ತದೆ. ಮನೆಗೆ ಬಂದ ಕೂಡಲೇ ಪಾಲಿಪ್ರೊಪಿಲೀನ್ ಚೀಲಕ್ಕೆ ವರ್ಗಾಯಿಸುವುದು ಒಳ್ಳೆಯದು.

ಮೋಸದ ಸಂಗತಿ ಹೀಗಿದೆ. ಲಾಲ್‌ಬಾಗಿನ ಗಾಜಿನ ಮನೆಯ ಒಂದು ಕಾರ್ಡನ್ನು 450 ರೂಪಾಯಿ ಕೊಟ್ಟು ಕೊಂಡೆ. ಬಣ್ಣ ಮಾಸಿತ್ತು, ಮೂಲೆಗಳು ಸವೆದಿದ್ದವು, ಅನುಮಾನಕ್ಕೆ ಎಡೆಯಿರಲಿಲ್ಲ. ಮನೆಯಲ್ಲಿ ಅಳೆದಾಗ ನಾಲ್ಕು ಇಂಚು ಅಗಲ, ಆರು ಇಂಚು ಉದ್ದ. ಆ ಕಾಲದ ಕಾರ್ಡುಗಳು ಸಾಮಾನ್ಯವಾಗಿ ಮೂರೂವರೆಗೆ ಐದೂವರೆ ಇಂಚು. ನಮ್ಮ ಬೀದಿಯ ದಿನಸಿ ಅಂಗಡಿಯಲ್ಲಿ ಖೋಟಾನೋಟು ಪರೀಕ್ಷಿಸುವ ನೇರಳೆ ದೀಪದ ಕೆಳಗೆ ಹಿಡಿದಾಗ ಕಾರ್ಡು ತೊಳೆದ ಬಿಳಿ ಅಂಗಿಯಂತೆ ನೀಲಿಯಾಗಿ ಹೊಳೆಯಿತು. ಕಾಗದಕ್ಕೆ ಅಂಥ ಬಿಳುಪುಕಾರಕವನ್ನು ಬೆರೆಸುವ ರೂಢಿ ಬಂದದ್ದು ಸುಮಾರು 1950ರ ನಂತರ. ಹಳೆಯ ಕಾರ್ಡು ಮಂಕಾಗಿಯೇ ಉಳಿಯುತ್ತದೆ. ಹಿಂತಿರುಗಿಸಲು ಹೋದಾಗ ಮಾಲೀಕರು ಮರುಮಾತಿಲ್ಲದೆ ಹಣ ಕೊಟ್ಟರು, ನಿಜ. ಆದರೆ ಮುಂದಿನ ವಾರ ಅದೇ ಕಾರ್ಡು ಅದೇ ಖಾನೆಯಲ್ಲಿ, ಅದೇ ಬೆಲೆಗೆ ಕುಳಿತಿತ್ತು. ಮರುಮುದ್ರಣವೆಂದು ಚೀಟಿ ಅಂಟಿಸಿ 30 ರೂಪಾಯಿಗೆ ಮಾರಿದರೆ ಯಾರ ತಕರಾರೂ ಇರುವುದಿಲ್ಲ.

ತಿಂಗಳ ಮೂರನೆಯ ಭಾನುವಾರ ಬೆಳಿಗ್ಗೆ ಇಲ್ಲಿ ವಿನಿಮಯ ನಡೆಯುತ್ತದೆ, ಪ್ರವೇಶಕ್ಕೆ ಶುಲ್ಕವಿಲ್ಲ. ಹತ್ತು ಹನ್ನೆರಡು ಮಂದಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರುತ್ತಾರೆ. 2005ರಲ್ಲಿ ಪೋರ್ಚುಗಲ್ಲಿನಲ್ಲಿ ಆರಂಭವಾದ ಪೋಸ್ಟ್‌ಕ್ರಾಸಿಂಗ್ ಮೂಲಕ ಅಪರಿಚಿತ ದೇಶಗಳಿಗೆ ಕಾರ್ಡು ಕಳುಹಿಸುವ ಕಾಲೇಜು ಹುಡುಗಿಯರೂ, ರೈಲ್ವೆ ನಿಲ್ದಾಣದ ಚಿತ್ರವಿಲ್ಲದ ಕಾರ್ಡನ್ನು ಮುಟ್ಟದ ನಿವೃತ್ತರೂ ಒಂದೇ ಚಾಪೆಯ ಮೇಲಿರುತ್ತಾರೆ. ಚಿತ್ರಕ್ಕೆ ಚಿತ್ರ, ಒಕ್ಕಣೆಗೆ ಒಕ್ಕಣೆ ಎಂಬುದು ಅಲ್ಲಿಯ ಅಲಿಖಿತ ನಿಯಮ. ಕೊಂಡ ಕಾರ್ಡಿನ ಫೋಟೊವನ್ನು ಹಂಚಿಕೊಳ್ಳುವಾಗ ವಿಳಾಸವನ್ನೂ ಮನೆಯವರ ಹೆಸರುಗಳನ್ನೂ ಮುಚ್ಚಬೇಕೆಂಬ ಇನ್ನೊಂದು ನಿಯಮವನ್ನು ಮಾಲೀಕರೇ ಗೋಡೆಗೆ ಬರೆದು ಅಂಟಿಸಿದ್ದಾರೆ. ಕೆಮ್ಮುತ್ತಿದ್ದ ಆ ಮಗುವಿಗೆ ಈಗ ಅರವತ್ತು ದಾಟಿರಬಹುದು, ಇದೇ ಊರಿನಲ್ಲಿಯೂ ಇರಬಹುದು.

ಮೆಟ್ಟಿಲು ಕಡಿದಾಗಿದೆ, ಮೊಣಕಾಲು ನೋವಿರುವವರು ಕೆಳಗಿನಿಂದಲೇ ಕೂಗಿದರೆ ಪೆಟ್ಟಿಗೆಯನ್ನು ಇಳಿಸಿಕೊಡುತ್ತಾರೆ. ಸೋಮವಾರ ರಜೆ. ಯುಪಿಐ ನಡೆಯುತ್ತದೆ, ರಸೀದಿ ಕೇಳಿದರೆ ಮಾತ್ರ. ಕಳೆದ ತಿಂಗಳು ನಾನೇ ಒಂದು ಡಜನ್ ಪೆನ್ಸಿಲು ಕೊಂಡೊಯ್ದು ಗಲ್ಲಾಪೆಟ್ಟಿಗೆಯ ಮೇಲಿಟ್ಟು ಬಂದೆ. ಮೊನ್ನೆ ಹೋದಾಗ ಹೊಸದಾಗಿ ಬಂದ ಕಾರ್ಡುಗಳ ಹಿಂದೆ ಬೆಲೆಯನ್ನು ಪೆನ್ಸಿಲಿನಲ್ಲೇ ಬರೆದಿದ್ದರು; ಒತ್ತಿ ಬರೆದ ರಭಸಕ್ಕೆ ಅಂಕಿಗಳು ಮುಂಬದಿಯ ಅಠಾರ ಕಚೇರಿಯ ಕಂಬಗಳ ಮೇಲೂ ಮೂಡಿದ್ದವು.