ಶಿಲ್ಲರ್ ಕೇಪ್ ಕಡತ: ಪೇಟೆಯ ಗುಳ್ಳೆ (ಬೆಲೆಗಳ ಅತಿಯಾದ ಉಬ್ಬರ) ಅಳೆಯಲು ಇದೊಂದೇ ಸಾಕೇ?

ಯೇಲ್ ವಿಶ್ವವಿದ್ಯಾಲಯದ ರಾಬರ್ಟ್ ಶಿಲ್ಲರ್ ಒದಗಿಸಿದ ಕೇಪ್ ಅನುಪಾತದ (ಗಳಿಕೆಗೆ ಹೋಲಿಸಿದರೆ ಷೇರುಪೇಟೆ ಎಷ್ಟು ದುಬಾರಿ ಎಂದು ತೋರಿಸುವ ಅಳತೆ) ಎಕ್ಸೆಲ್ ಕಡತ ಉಚಿತ. 1871ರಿಂದ ಅಮೆರಿಕದ ಷೇರುಪೇಟೆಯ ತಿಂಗಳವಾರು ಅಂಕಿ ಅದರಲ್ಲಿದೆ. ಷೇರು ಸೂಚ್ಯಂಕವನ್ನು ಅದರಲ್ಲಿರುವ ಕಂಪನಿಗಳ ಹಿಂದಿನ 10 ವರ್ಷಗಳ ಸರಾಸರಿ ಗಳಿಕೆಯಿಂದ ಭಾಗಿಸುವುದಷ್ಟೇ ಲೆಕ್ಕ. ಎರಡನ್ನೂ ಹಣದುಬ್ಬರಕ್ಕೆ ಸರಿಹೊಂದಿಸಿರುತ್ತಾರೆ. ಇದರ ನಿಜವಾದ ಉಪಯೋಗ ಗೊತ್ತಾಗುವುದು 2009ರ ಸಾಲುಗಳಲ್ಲಿ. ಗಳಿಕೆ ಕುಸಿದದ್ದರಿಂದ ಸಾಮಾನ್ಯ ಪಿಇ (ಬೆಲೆಯನ್ನು ಒಂದೇ ವರ್ಷದ ಗಳಿಕೆಯಿಂದ ಭಾಗಿಸಿದ ಅನುಪಾತ) 100 ದಾಟಿ, ಷೇರು ಅಗ್ಗವಾಗಿದ್ದಾಗಲೇ ವಿಪರೀತ ದುಬಾರಿ ಎಂದು ತೋರಿಸಿತು. ಕೇಪ್ ಆ ಬಲೆಗೆ ಬೀಳಲಿಲ್ಲ.

ಪೇಟೆ ಯಾವಾಗ ಬೀಳುತ್ತದೆ ಎಂದು ಕೇಳಿದರೆ ಮಾತ್ರ ಕೇಪ್ ಕೈಕೊಡುತ್ತದೆ. 1996ರ ಕೊನೆಗೇ ಅದು ದುಬಾರಿ ಎನಿಸುವ 28ರ ಆಸುಪಾಸಿತ್ತು; ಪೇಟೆ ಮುರಿದದ್ದು 44 ಮುಟ್ಟಿದ ಮೇಲೆ, 2000ದಲ್ಲಿ. ಮಾರಿಬಿಡಿ ಎನ್ನುವ ಎಚ್ಚರಿಕೆಯ ಗಂಟೆಯಾಗಿ ಖಂಡಿತ ಬಳಸಬೇಡಿ. ಕೇಪ್ ಏರಿದ್ದಾಗ ಮುಂದಿನ ದಶಕದ ಲಾಭದ ನಿರೀಕ್ಷೆ ತಗ್ಗಿಸಿಕೊಳ್ಳಲು ಬಳಸಿ.

ಹೂಡಿಕೆದಾರರ ವರ್ತನೆ ಇದರಲ್ಲಿ ಕಾಣುವುದೇ ಇಲ್ಲ, ಅದು ದೊಡ್ಡ ಕೊರತೆ. ಅಮೆರಿಕದ ಬ್ರೋಕರ್‌ಗಳ ಮೇಲೆ ಕಣ್ಣಿಡುವ ಸಂಸ್ಥೆ ಫಿನ್ರಾ ಪ್ರತಿ ತಿಂಗಳು ಪ್ರಕಟಿಸುವ ಮಾರ್ಜಿನ್ ಸಾಲವನ್ನು (ಷೇರು ಕೊಳ್ಳಲು ಹೂಡಿಕೆದಾರರು ಬ್ರೋಕರ್‌ಗಳಿಂದ ಪಡೆದ ಸಾಲ) ಪಕ್ಕದ ಕಾಲಂನಲ್ಲಿ ಸೇರಿಸಿ, ಹಿಂದಿನ ವರ್ಷದ ಅದೇ ತಿಂಗಳಿಗೆ ಹೋಲಿಸಿ. ಸಾಲ ಸೂಚ್ಯಂಕಕ್ಕಿಂತ ವೇಗವಾಗಿ ಏರುತ್ತಿದ್ದರೆ ಎಚ್ಚರ: ಬೆಲೆ ಇಳಿದೊಡನೆ ಮಾರ್ಜಿನ್ ಕಾಲ್ (ಇನ್ನಷ್ಟು ಹಣ ಕಟ್ಟಿ ಎಂಬ ಬ್ರೋಕರ್ ಬೇಡಿಕೆ) ಬಂದು ಬಲವಂತದ ಮಾರಾಟ ಶುರುವಾಗುತ್ತದೆ, ಅದು ಬೆಲೆಯನ್ನು ಇನ್ನಷ್ಟು ಕೆಳಕ್ಕೆ ತಳ್ಳುತ್ತದೆ.