ನಾಲ್ಕು ಮೀಟರಿನೊಳಗಿನ ಲೆಕ್ಕಾಚಾರ: ಮಲೆನಾಡಿನ ಮನೆಯೊಂದರಲ್ಲಿ ಬ್ರೆಝಾ

ಮಾರುತಿ ಸುಜುಕಿ ಬ್ರೆಝಾ, ಟಾಟಾ ನೆಕ್ಸಾನ್, ಹ್ಯುಂಡೈ ವೆನ್ಯೂ, ಕಿಯಾ ಸಾನೆಟ್, ಸ್ಕೋಡಾ ಕೈಲಾಕ್, ಈ ಐದೂ ಗಾಡಿಗಳ ಉದ್ದ 3,995 ಮಿಲಿಮೀಟರ್. ಮಹೀಂದ್ರಾದ ಎಕ್ಸ್‌ಯುವಿ 3ಎಕ್ಸ್‌ಒ ಅದಕ್ಕಿಂತ ಐದು ಮಿಲಿಮೀಟರ್ ಕಡಿಮೆ. ಇಷ್ಟು ಕಂಪನಿಗಳು ಕೂತು ಮಾತಾಡಿಕೊಂಡು ಈ ಅಳತೆಗೆ ಬಂದದ್ದಲ್ಲ. ನಾಲ್ಕು ಮೀಟರಿನೊಳಗಿನ, ಪೆಟ್ರೋಲ್ ಆದರೆ 1,200 ಸಿಸಿ ಮತ್ತು ಡೀಸೆಲ್ ಆದರೆ 1,500 ಸಿಸಿ ಮೀರದ ವಾಹನವನ್ನು ಸಣ್ಣ ಕಾರೆಂದು ಪರಿಗಣಿಸಿ 2006ರ ಕೇಂದ್ರ ಬಜೆಟ್ ಅಬಕಾರಿ ಸುಂಕವನ್ನು ಇಳಿಸಿತು. ಅಂದಿನಿಂದ ನಮ್ಮ ದೇಶದ ಕಾರುಗಳ ಆಕಾರವನ್ನು ವಿನ್ಯಾಸಕಾರರಷ್ಟೇ ತೆರಿಗೆ ಇಲಾಖೆಯೂ ನಿರ್ಧರಿಸುತ್ತ ಬಂದಿದೆ. ಎಲ್ಲರಿಗೂ ಸಿಕ್ಕಿರುವುದು ಒಂದೇ ಉದ್ದವಾದ್ದರಿಂದ ಒಬ್ಬೊಬ್ಬರು ಒಂದೊಂದು ಕಡೆ ಕೈ ಬಿಗಿ ಹಿಡಿದಿದ್ದಾರೆ. ಈ ವರ್ಗದ ಗಾಡಿಯನ್ನು ಆರಿಸುವುದೆಂದರೆ, ನನ್ನ ದೃಷ್ಟಿಯಲ್ಲಿ, ಯಾವ ಕೊರತೆಯೊಂದಿಗೆ ನಮ್ಮ ಮನೆಯವರು ಹೊಂದಿಕೊಂಡು ಹೋಗಬಲ್ಲರು ಎಂದು ತೀರ್ಮಾನಿಸುವುದು.

ಕೈಲಾಕ್‌ನವರು ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವಿನ ಅಂತರವನ್ನು 2,566 ಮಿಲಿಮೀಟರಿಗೆ ಚಾಚಿ, ಅದರ ಮೇಲೆ 446 ಲೀಟರಿನ ಡಿಕ್ಕಿಯನ್ನೂ ಕೊಟ್ಟಿದ್ದಾರೆ; ಆದರೆ ಹಿಂದಿನ ಸೀಟಿನಲ್ಲಿ ಮೂವರು ಕೂತರೆ ಭುಜಕ್ಕೆ ಭುಜ ತಾಗುತ್ತದೆ. 3ಎಕ್ಸ್‌ಒದಲ್ಲಿ ಆ ಅಂತರ 2,600 ಮಿಲಿಮೀಟರ್, ಕಾಲು ಚಾಚುವುದಕ್ಕೆ ಧಾರಾಳ ಜಾಗ, ಪೆಟ್ಟಿಗೆ ಇಡುವುದಕ್ಕೆ ಮಾತ್ರ ಸ್ವಲ್ಪ ಇಕ್ಕಟ್ಟು. ನೆಕ್ಸಾನ್ ನೆಲದಿಂದ 208 ಮಿಲಿಮೀಟರ್ ಮೇಲಿದೆ, ಡಿಕ್ಕಿ 382 ಲೀಟರ್. ಬ್ರೆಝಾದ ಡಿಕ್ಕಿ 328 ಲೀಟರ್ ಮಾತ್ರ. ಬದಲಿಗೆ ಅದು 1,685 ಮಿಲಿಮೀಟರ್ ಎತ್ತರ ನಿಲ್ಲುತ್ತದೆ ಮತ್ತು ಒಳಗೆ ತಲೆ, ಭುಜಗಳಿಗೆ ಸಾಕಷ್ಟು ಅವಕಾಶ ಬಿಡುತ್ತದೆ.

ನಮ್ಮ ಅಗತ್ಯ ಹೀಗಿತ್ತು. ವಾಸ ಶಿವಮೊಗ್ಗದಲ್ಲಿ, ಮೂಲಮನೆ ತೀರ್ಥಹಳ್ಳಿ ತಾಲ್ಲೂಕಿನಲ್ಲಿ. ಡಾಂಬರು ರಸ್ತೆಯಿಂದ ಮನೆಯ ಉಣಗೋಲಿನವರೆಗೆ ಎರಡೂ ಕಡೆ ದರೆಯಿರುವ ಮಣ್ಣಿನ ದಾರಿ, ನಡುವೆ ಒಂದು ಸಂಕ. ಅಪ್ಪಯ್ಯನಿಗೆ ಮಂಡಿನೋವು, ಅಮ್ಮನಿಗೆ ಘಟ್ಟದ ತಿರುವುಗಳಲ್ಲಿ ತಲೆ ಸುತ್ತುತ್ತದೆ. ನೆಂಟರು ಹೆಚ್ಚಿನವರು ಉಡುಪಿ ಕಡೆಯವರಾದ್ದರಿಂದ ಆಗುಂಬೆ ಘಟ್ಟ ಇಳಿದು ಹತ್ತುವ ಕೆಲಸ ಇದ್ದೇ ಇರುತ್ತದೆ. ಗಾಡಿ ಓಡಿಸುವವರು ನಾನು ಮತ್ತು ನನ್ನ ಹೆಂಡತಿ, ಇಬ್ಬರೂ. ನಗರದ ಒಳಗಿನ ಓಡಾಟವೆಲ್ಲ ಅವಳದೇ. ಈ ಪಟ್ಟಿಯಲ್ಲಿ ಹತ್ತೂವರೆ ಇಂಚಿನ ಪರದೆಯಾಗಲಿ, ಬಣ್ಣ ಬದಲಿಸುವ ದೀಪಗಳಾಗಲಿ ಎಲ್ಲಿಯೂ ಬರುವುದಿಲ್ಲವೆಂಬುದನ್ನು ಶೋರೂಮಿನ ಹುಡುಗರಿಗೆ ಮನದಟ್ಟು ಮಾಡುವುದೇ ಒಂದು ಕೆಲಸವಾಯಿತು.

ಬ್ರೆಝಾದ ವಿರುದ್ಧವಿದ್ದ ಮೊದಲ ಅಂಶ ತೆರಿಗೆ, ಮತ್ತು ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಉದ್ದದಲ್ಲಿ ನಾಲ್ಕು ಮೀಟರಿನೊಳಗಿದ್ದರೂ ಇದರ ಪೆಟ್ರೋಲ್ ಎಂಜಿನ್ 1,462 ಸಿಸಿಯದು. ಹಾಗಾಗಿ ಕಾನೂನಿನ ಕಣ್ಣಿಗೆ ಇದು ಸಣ್ಣ ಕಾರಲ್ಲ. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಹೊಸ ಜಿಎಸ್‌ಟಿ ದರಗಳ ಪ್ರಕಾರ ಸಣ್ಣ ಕಾರುಗಳಿಗೆ ಶೇ. 18, ಉಳಿದವಕ್ಕೆ ಶೇ. 40. ಪೆಟ್ರೋಲ್ ನೆಕ್ಸಾನ್, ಕೈಲಾಕ್, ವೆನ್ಯೂಗಳಷ್ಟೇ ಅಲ್ಲದೆ 1,500 ಸಿಸಿ ಡೀಸೆಲ್ ಎಂಜಿನ್ನಿನ ನೆಕ್ಸಾನ್, ಸಾನೆಟ್, 3ಎಕ್ಸ್‌ಒಗಳೂ ಶೇ. 18ರ ಸಾಲಿನಲ್ಲಿವೆ. ಶೇ. 18ರದು ಒಂದು, ಶೇ. 40ರದು ಒಂದು, ಕಾರ್ಖಾನೆಯಿಂದ ಹೊರಡುವಾಗ ಈ ಎರಡು ಗಾಡಿಗಳ ಬೆಲೆಯೂ 8 ಲಕ್ಷವೆಂದಿಟ್ಟುಕೊಳ್ಳೋಣ. ಮೊದಲನೆಯದರ ಎಕ್ಸ್‌ಶೋರೂಮ್ ಬೆಲೆ 9,44,000 ರೂಪಾಯಿ ಆಗುತ್ತದೆ, ಎರಡನೆಯದರದು 11,20,000. ಕತೆ ಅಲ್ಲಿಗೇ ಮುಗಿಯುವುದಿಲ್ಲ. ಕರ್ನಾಟಕದ ಆಜೀವ ರಸ್ತೆ ತೆರಿಗೆ 5ರಿಂದ 10 ಲಕ್ಷದವರೆಗಿನ ಕಾರಿಗೆ ಶೇ. 14, 10 ಲಕ್ಷ ದಾಟಿದರೆ ಇಡೀ ಬೆಲೆಯ ಮೇಲೆ ಶೇ. 17. ಅಂದರೆ ಮೊದಲನೆಯದಕ್ಕೆ 1,32,160 ರೂಪಾಯಿ, ಎರಡನೆಯದಕ್ಕೆ 1,90,400 ರೂಪಾಯಿ, ಇದರ ಮೇಲೆ ಸೆಸ್ ಬೇರೆ. ಒಂದೇ ಮೂಲಬೆಲೆಯ ಎರಡು ಗಾಡಿಗಳ ನಡುವೆ ಹೀಗೆ ಎರಡು ಲಕ್ಷ ಮೂವತ್ತು ಸಾವಿರಕ್ಕೂ ಮಿಕ್ಕಿದ ವ್ಯತ್ಯಾಸ ಕೇವಲ ತೆರಿಗೆಯಿಂದ ಹುಟ್ಟುತ್ತದೆ. 10 ಲಕ್ಷ ಮೀರಿದಾಗ ಮಾರಾಟಗಾರರು ಶೇ. 1ರಷ್ಟು ಟಿಸಿಎಸ್ (ಮಾರುವಾಗಲೇ ಸಂಗ್ರಹಿಸುವ ಆದಾಯ ತೆರಿಗೆ) ಕೂಡ ಹಿಡಿಯುತ್ತಾರೆ. ಆದಾಯ ತೆರಿಗೆ ವಿವರ ಸಲ್ಲಿಸುವಾಗ ಅದನ್ನು ಹೊಂದಿಸಿಕೊಳ್ಳಬಹುದಾದ್ದರಿಂದ ಅದನ್ನು ಖರ್ಚೆಂದು ಎಣಿಸಬೇಕಾಗಿಲ್ಲ.

ಈ 10 ಲಕ್ಷದ ಗೆರೆಯನ್ನು ಕರ್ನಾಟಕದಲ್ಲಿ ನೋಂದಣಿ ಮಾಡಿಸುವವರು ಯಾವ ಗಾಡಿ ಕೊಂಡರೂ ನೆನಪಿನಲ್ಲಿ ಇಟ್ಟುಕೊಳ್ಳಬೇಕು. 9.9 ಲಕ್ಷದ ದರ್ಜೆಯನ್ನು ಬಿಟ್ಟು 10.1 ಲಕ್ಷದ ದರ್ಜೆಗೆ ಹೋದರೆ, ಗಾಡಿಗೆ ಇಪ್ಪತ್ತು ಸಾವಿರ ಹೆಚ್ಚು ಕೊಟ್ಟದ್ದಲ್ಲದೆ ರಸ್ತೆ ತೆರಿಗೆಗೆ 33,100 ರೂಪಾಯಿ ಹೆಚ್ಚು ತೆರಬೇಕು. ಬರೀ ಸನ್‌ರೂಫಿಗಾಗಿ ಈ ಗೆರೆ ದಾಟುವವರನ್ನು ಕಂಡರೆ ನನಗೆ ಸೋಜಿಗ. ವರ್ಷದ ಐದು ತಿಂಗಳು ಮಳೆ, ಉಳಿದ ತಿಂಗಳು ಬಿಸಿಲಿರುವ ನಾಡಿನಲ್ಲಿ ಅದನ್ನು ತೆರೆಯುವ ಹೊತ್ತು ಯಾವುದು?

ಎರಡನೆಯ ಅಂಶ ಸುರಕ್ಷತೆ, ಮತ್ತು ನಮ್ಮನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಇದೇ. ನೆಕ್ಸಾನ್ 2018ರಲ್ಲಿಯೇ, ಕಾರುಗಳನ್ನು ಗುದ್ದಿಸಿ ಪರೀಕ್ಷಿಸುವ ಗ್ಲೋಬಲ್ ಎನ್‌ಕ್ಯಾಪ್‌ನ ಐದು ನಕ್ಷತ್ರ ಪಡೆದ ಮೊದಲ ಭಾರತೀಯ ಕಾರು. ಹೊಸ ನೆಕ್ಸಾನ್, 3ಎಕ್ಸ್‌ಒ ಮತ್ತು ಕೈಲಾಕ್ ಮೂರೂ ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಐದು ನಕ್ಷತ್ರ ಗಳಿಸಿವೆ. ಬ್ರೆಝಾದ ಹಿಂದಿನ ಪೀಳಿಗೆಯಾದ ವಿಟಾರಾ ಬ್ರೆಝಾಕ್ಕೆ 2018ರಲ್ಲಿ ಸಿಕ್ಕದ್ದು ನಾಲ್ಕು. ಈಗಿನದರಲ್ಲಿ ಆರು ಏರ್‌ಬ್ಯಾಗ್ ಮತ್ತು ಗಾಡಿ ಹಿಡಿತ ತಪ್ಪಿ ಜಾರದಂತೆ ನೋಡಿಕೊಳ್ಳುವ ಇಎಸ್‌ಪಿ ಎಲ್ಲ ದರ್ಜೆಗಳಲ್ಲಿಯೂ ಇವೆ, ಅದು ಸಮಾಧಾನದ ಸಂಗತಿ. ಆದರೂ ನಕ್ಷತ್ರಗಳೊಂದನ್ನೇ ಅಳತೆಗೋಲಾಗಿ ಇಟ್ಟುಕೊಂಡವರಿಗೆ ಮೇಲಿನ ಮೂರರಲ್ಲಿ ಒಂದನ್ನು ಕೊಳ್ಳಿರೆಂದೇ ನಾನು ಹೇಳುತ್ತೇನೆ, ಅದರಲ್ಲಿ ಎರಡು ಮಾತಿಲ್ಲ.

ಇಷ್ಟೆಲ್ಲ ಇದ್ದೂ ನಮ್ಮ ಮನೆಗೆ ಬ್ರೆಝಾ ಝಡ್‌ಎಕ್ಸ್‌ಐ ಆಟೊಮ್ಯಾಟಿಕ್ ಬಂದದ್ದು ಹಿಂದಿನ ಸೀಟಿನ ಕಾರಣಕ್ಕೆ. ಎಲ್ಲ ಗಾಡಿಗಳ ಟೆಸ್ಟ್ ಡ್ರೈವಿಗೂ ಅಪ್ಪಯ್ಯ, ಅಮ್ಮ ಇಬ್ಬರನ್ನೂ ಕರೆದೊಯ್ದಿದ್ದೆವು. ಇದರಲ್ಲಿ ಸೀಟಿನ ಎತ್ತರ ಮಂಡಿ ಹೆಚ್ಚು ಮಡಚದೆ, ಸೊಂಟ ಹೆಚ್ಚು ಎತ್ತದೆ ಹತ್ತಿ ಕೂರುವಷ್ಟಿದೆ. ಬಾಗಿಲು ಅಗಲವಾಗಿ ತೆರೆದುಕೊಳ್ಳುತ್ತದೆ. ಕಿಟಕಿಯ ಗಾಜು ದೊಡ್ಡದಾಗಿದ್ದು ಕೆಳಗಿನವರೆಗೂ ಇಳಿದಿರುವುದರಿಂದ ಹಿಂದೆ ಕೂತವರಿಗೆ ರಸ್ತೆ ಕಾಣುತ್ತದೆ. ತಿರುವು ಬರುವುದು ಮೊದಲೇ ಕಂಡರೆ ಅಮ್ಮನಿಗೆ ತಲೆಸುತ್ತು ಕಡಿಮೆ. ಈಚಿನ ಗಾಡಿಗಳಲ್ಲಿ ಅಂದಕ್ಕಾಗಿ ಹಿಂಬದಿಯ ಕಿಟಕಿಯನ್ನು ಮೇಲಕ್ಕೆ ಏರಿಸಿ ಕಿರಿದು ಮಾಡುವ ಪರಿಪಾಠ ಹೆಚ್ಚುತ್ತಿದೆ. ಹೊರಗಿನಿಂದ ನೋಡುವವರಿಗೆ ಅದು ಚೆಂದ, ಒಳಗೆ ಕೂತವರಿಗೆ ಕತ್ತಲೆಕೋಣೆ.

ಎಂಜಿನ್ನಿನ ವಿಚಾರದಲ್ಲಿ ಓದುಗರು ಎರಡು ಸಂಖ್ಯೆಗಳನ್ನು ಹೋಲಿಸಿ ನೋಡಬೇಕು. ಬ್ರೆಝಾದ ನಾಲ್ಕು ಸಿಲಿಂಡರಿನ ಎಂಜಿನ್ 137 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ಗಾಲಿ ತಿರುಗಿಸುವ ಬಲ, ಕೊಡುವುದು 4,400 ಆರ್‌ಪಿಎಮ್‌ನಲ್ಲಿ. ಕೈಲಾಕ್‌ನ ಒಂದು ಲೀಟರಿನ ಟರ್ಬೊ ಎಂಜಿನ್ 178 ನ್ಯೂಟನ್ ಮೀಟರನ್ನು 1,750ರಿಂದಲೇ ಕೊಡತೊಡಗುತ್ತದೆ, 3ಎಕ್ಸ್‌ಒ ಡೀಸೆಲ್‌ನದು 300. ಆಗುಂಬೆಯ ಹದಿನಾಲ್ಕು ತಿರುವುಗಳಲ್ಲಿ ಈ ಅಂಕಿಗಳ ಅರ್ಥ ಕಿವಿಗೇ ಕೇಳುತ್ತದೆ. ಸೋಮೇಶ್ವರದಿಂದ ಐದು ಜನ ಕೂತು ಮೇಲೆ ಹತ್ತುವಾಗ ಗೇರ್‌ಬಾಕ್ಸ್ ಎರಡನೆಯ ಗೇರಿಗೆ, ಕೆಲವು ತಿರುವಿನಲ್ಲಿ ಒಂದಕ್ಕೆ ಇಳಿದು, ಎಂಜಿನ್ ಜೋರಾಗಿ ದುಡಿಯುತ್ತದೆ. ಹತ್ತುವುದಿಲ್ಲವೆಂದಲ್ಲ, ಅವಸರ ಮಾಡುವುದಿಲ್ಲ ಅಷ್ಟೆ. ಅದಕ್ಕೆ ಪ್ರತಿಯಾಗಿ ಸಿಗುವ ಲಾಭವೂ ಇದೆ: ಟರ್ಬೊ ಎಂಜಿನ್ನುಗಳಂತೆ ಒಂದು ಕ್ಷಣ ಸುಮ್ಮನಿದ್ದು ಆಮೇಲೆ ನುಗ್ಗುವ ಸ್ವಭಾವ ಇದಕ್ಕಿಲ್ಲ, ಕಾಲಿಟ್ಟಷ್ಟೇ ಓಡುತ್ತದೆ. ಹಿಂದೆ ಕೂತವರ ಕತ್ತು ಹಿಂದಕ್ಕೂ ಮುಂದಕ್ಕೂ ಆಡುವುದಿಲ್ಲ. ಆರು ಗೇರಿನ ಈ ಆಟೊಮ್ಯಾಟಿಕ್ ಟಾರ್ಕ್ ಕನ್ವರ್ಟರ್ ಮಾದರಿಯದು, ಮ್ಯಾನುವಲ್ ಗೇರ್‌ಬಾಕ್ಸನ್ನೇ ಯಂತ್ರದಿಂದ ಬದಲಿಸುವ ಎಎಮ್‌ಟಿಯಲ್ಲ. ಗೇರು ಬದಲಾದದ್ದು ನಗರದೊಳಗೆ ಹೆಚ್ಚುಕಡಿಮೆ ತಿಳಿಯುವುದೇ ಇಲ್ಲ.

ಇಳಿಯುವಾಗಿನ ಮಾತು ಬೇರೆ, ಮತ್ತು ಆಟೊಮ್ಯಾಟಿಕ್ ಗಾಡಿಯಲ್ಲಿ ಘಟ್ಟ ಇಳಿಯುವವರೆಲ್ಲ ಇದನ್ನು ತಿಳಿದಿರುವುದು ಒಳ್ಳೆಯದು. ಗೇರಿನ ಹಿಡಿಯನ್ನು ಡಿ (ಡ್ರೈವ್) ಸ್ಥಾನದಲ್ಲಿ ಹಾಕಿ ಬ್ರೇಕೊಂದನ್ನೇ ಒತ್ತುತ್ತ ಇಳಿದರೆ ಬ್ರೇಕು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಸ್ಟೀರಿಂಗಿನ ಹಿಂದಿರುವ ಎಡಗಡೆಯ ಪ್ಯಾಡಲನ್ನು ಒತ್ತಿ ಎರಡನೆಯ ಗೇರಿಗೆ ತಂದುಕೊಂಡರೆ ಎಂಜಿನ್ನೇ ಗಾಡಿಯನ್ನು ಹಿಡಿದು ಇಳಿಸುತ್ತದೆ, ಬ್ರೇಕು ತಿರುವಿಗೆ ಮಾತ್ರ ಬೇಕಾಗುತ್ತದೆ. ಈ ಪ್ಯಾಡಲ್‌ಗಳನ್ನು ಓಟದ ಚಪಲಕ್ಕೆ ಕೊಟ್ಟದ್ದೆಂದು ಮಾರುವವರೂ ತಿಳಿದಂತಿದೆ. ನಮ್ಮ ಸೀಮೆಯಲ್ಲಿ ಅವುಗಳ ನಿಜವಾದ ಕೆಲಸ ಇದು.

ಮಣ್ಣಿನ ದಾರಿಯಲ್ಲಿ 198 ಮಿಲಿಮೀಟರಿನ ನೆಲದೆತ್ತರ ಸಾಕಾಗಿದೆ. ಗಾಡಿಯ ಹೊಟ್ಟೆ ಮುರಕಲ್ಲಿಗೆ ತಾಗಿಲ್ಲ. 215/60 ಆರ್16 ಟೈರಿನ ಪಕ್ಕದ ಗೋಡೆ ದಪ್ಪಗಿರುವುದರಿಂದ ಗುಂಡಿಯ ಏಟು ಒಳಗೆ ಕಡಿಮೆ ಬರುತ್ತದೆ; ಅಂದವಾಗಿ ಕಾಣುವ ದೊಡ್ಡ ರಿಮ್ಮಿನ ಆಸೆಗೆ ಬೀಳುವವರು ಇದನ್ನು ಗಮನಿಸಬೇಕು. ಒಂದು ತಿಳಿವಳಿಕೆ ಮಾತ್ರ ಅಗತ್ಯ: ಎಸ್‌ಯುವಿ ಎಂಬ ಹೆಸರಿದ್ದರೂ ಈ ವರ್ಗದಲ್ಲಿ ನಾನು ಹೇಳಿದ ಗಾಡಿಗಳೆಲ್ಲ ಮುಂದಿನ ಎರಡು ಗಾಲಿಗಳಿಂದ ಎಳೆಯುವಂಥವು. ಆಷಾಢದ ಕೆಸರಿನಲ್ಲಿ ಏರು ಸಿಕ್ಕಾಗ ಮುಂಗಾಲಿ ಜಾರತೊಡಗಿದರೆ ಹೆಸರು ನೆರವಿಗೆ ಬರುವುದಿಲ್ಲ. ನಾವು ಏರಿನ ಭಾಗಕ್ಕೆ ಎರಡು ಲೋಡು ಜಲ್ಲಿ ಹಾಕಿಸಿದ್ದೇವೆ.

ಮೈಲೇಜಿನ ಬಗ್ಗೆ ಹೆಚ್ಚು ಹೇಳುವುದೇನೂ ಇಲ್ಲ. ವಾಹನಗಳನ್ನು ಪರೀಕ್ಷಿಸುವ ಎಆರ್‌ಎಐ ಸಂಸ್ಥೆಯ ಪ್ರಮಾಣಪತ್ರದಲ್ಲಿ ಲೀಟರಿಗೆ 19.80 ಕಿಲೋಮೀಟರ್ ಎಂದಿದೆ. ಅದು ಯಾವ ಗಾಡಿಯದಾದರೂ ಪ್ರಯೋಗಾಲಯದ ಸಂಖ್ಯೆ. ಶಿವಮೊಗ್ಗದೊಳಗೆ ಎಸಿ ಹಾಕಿಕೊಂಡು ಓಡಾಡಿದರೆ ನಮಗೆ 12ರ ಆಸುಪಾಸು, ತುಮಕೂರು ದಾಟಿ ಬೆಂಗಳೂರಿಗೆ ಸಮಾಧಾನದಿಂದ ಹೋದರೆ 17 ಸಿಗುತ್ತದೆ. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20 ಎಥೆನಾಲ್ ಇದೆ, ಮತ್ತು ಎಥೆನಾಲಿನಲ್ಲಿ ಪೆಟ್ರೋಲಿಗಿಂತ ಶಕ್ತಿ ಕಡಿಮೆಯಾದ್ದರಿಂದ ಎಲ್ಲ ಪೆಟ್ರೋಲ್ ಗಾಡಿಗಳಿಗೂ ಮೈಲೇಜಿನಲ್ಲಿ ಸ್ವಲ್ಪ ಕಡಿತ ಇದ್ದದ್ದೇ.

ಡಿಕ್ಕಿಯ ಕೊರತೆ ಮಾತ್ರ ಪದೇ ಪದೇ ನೆನಪಾಗುತ್ತದೆ. ನಾಲ್ವರು ಎರಡು ದಿನಕ್ಕೆ ಹೊರಟರೆ ತೊಂದರೆಯಿಲ್ಲ. ಊರಿನಿಂದ ಹಿಂತಿರುಗುವಾಗ ಅಮ್ಮ ಕಟ್ಟಿಕೊಡುವ ಬಾಳೆಗೊನೆ, ಎರಡು ಹಲಸಿನಹಣ್ಣು, ಉಪ್ಪಿನಕಾಯಿ ಭರಣಿ, ಅಕ್ಕಿ ಮೂಟೆ ಇವೆಲ್ಲ ಸೇರಿದಾಗ 328 ಲೀಟರ್ ಎಂದರೆ ಎಷ್ಟೆಂದು ಗೊತ್ತಾಗುತ್ತದೆ. ಹಿಂದಿನ ಸೀಟು 60:40ರಂತೆ ಮಡಚುತ್ತದೆ, ಆದರೆ ಹಿರಿಯರು ಕೂತಿರುವಾಗ ಮಡಚುವುದು ಯಾರನ್ನು? ಸಾಮಾನು ಹೆಚ್ಚು ಸಾಗಿಸುವ ಮನೆಯವರಿಗೆ ಕೈಲಾಕ್‌ನ 446 ಲೀಟರಿನ ಬೆಲೆ ಖಂಡಿತ ತಿಳಿಯುತ್ತದೆ.

ಕೊಳ್ಳುವ ದಿನದ ಲೆಕ್ಕಪತ್ರದ ಕುರಿತು ಒಂದು ಮಾತು. ನಾವು ವಿಚಾರಿಸಿದ ಶೋರೂಮುಗಳಲ್ಲಿ ಒಂದು ಕಡೆ ಆನ್‌ರೋಡ್ ಬೆಲೆಯೊಳಗೆ ನಾವು ಕೇಳದ ಅಲಂಕಾರ ಸಾಮಗ್ರಿಗಳ ಪೊಟ್ಟಣ, ದುಬಾರಿ ವಿಮೆ ಎರಡನ್ನೂ ಮೊದಲೇ ಸೇರಿಸಿ ಬರೆದಿದ್ದರು. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ, ಆದರೆ ಅದನ್ನು ಶೋರೂಮಿನಲ್ಲಿಯೇ ಮಾಡಿಸಬೇಕೆಂಬ ಕಾನೂನಿಲ್ಲ. ಹೊರಗಿನಿಂದ ತಂದ ದರಪಟ್ಟಿಯನ್ನು ಮೇಜಿನ ಮೇಲಿಟ್ಟಾಗ ಮೊತ್ತ ತಾನಾಗಿ ಇಳಿಯಿತು. ಗಾಡಿ ಒಪ್ಪಿಸಿಕೊಳ್ಳುವ ಮುನ್ನ ಟೈರಿನ ಮೇಲಿನ ನಾಲ್ಕಂಕಿಯನ್ನು ಓದಬೇಕು. ಮೊದಲೆರಡು ವಾರ, ಕೊನೆಯೆರಡು ವರ್ಷ. ಐದು ಟೈರುಗಳೂ ತಿಂಗಳುಗಟ್ಟಲೆ ಹಳೆಯವಾಗಿದ್ದರೆ ಗಾಡಿಯೂ ಅಷ್ಟು ಕಾಲ ಅಂಗಳದಲ್ಲಿ ಬಿಸಿಲು ಮಳೆಗೆ ನಿಂತಿರುವ ಸಾಧ್ಯತೆಯಿದೆ.

ಸರ್ವಿಸಿನ ಅವಧಿ ಹತ್ತು ಸಾವಿರ ಕಿಲೋಮೀಟರ್ ಅಥವಾ ಒಂದು ವರ್ಷ, ಖಾತರಿ ಮೂರು ವರ್ಷ ಅಥವಾ ಒಂದು ಲಕ್ಷ ಕಿಲೋಮೀಟರ್. ಮಾರುತಿಯ ಸರ್ವಿಸ್ ಅನೇಕ ತಾಲ್ಲೂಕು ಪಟ್ಟಣಗಳಲ್ಲಿಯೂ ಸಿಗುತ್ತದೆ, ಊರಿನ ಮೆಕ್ಯಾನಿಕ್‌ಗಳಿಗೂ ಈ ಎಂಜಿನ್ ಪರಿಚಿತ. ಮಳೆಗಾಲದಲ್ಲಿ ಮರ ಬಿದ್ದು ದಾರಿ ಕಟ್ಟುವ ಕಡೆ ವಾಸಿಸುವವರಿಗೆ ಇದು ಸಣ್ಣ ಅನುಕೂಲವಲ್ಲ. ಬೆಂಗಳೂರು, ಮೈಸೂರಿನಲ್ಲಿರುವವರಿಗೆ ಎಲ್ಲ ಕಂಪನಿಗಳ ಸರ್ವಿಸ್ ಹತ್ತಿರದಲ್ಲೇ ಇರುವುದರಿಂದ ಅವರು ಇದಕ್ಕೆ ಇಷ್ಟು ಮಹತ್ವ ಕೊಡಬೇಕಾಗಿಲ್ಲ, ಮತ್ತು ಆಗ ಶೇ. 40ರ ತೆರಿಗೆ ತೆರುವುದಕ್ಕೆ ಕಾರಣಗಳೂ ಕಡಿಮೆಯಾಗುತ್ತವೆ.

ಹುಬ್ಬಳ್ಳಿಯಲ್ಲಿರುವ ನನ್ನ ಭಾವ ಇದೇ ಗಾಡಿ ಕೊಳ್ಳಲೇ ಎಂದು ಕೇಳಿದಾಗ ಬೇಡವೆಂದೆ. ಅವರು ವ್ಯಾಪಾರದ ಮೇಲೆ ನಿತ್ಯ ಹೆದ್ದಾರಿಯಲ್ಲಿ ಬೆಳಗಾವಿ, ದಾವಣಗೆರೆ ಕಡೆ ಓಡಾಡುವವರು. ಅಷ್ಟು ಓಡಿಸುವವರಿಗೆ ಶೇ. 18ರ ಜಿಎಸ್‌ಟಿಯಲ್ಲಿ ಸಿಗುವ ಡೀಸೆಲ್ ಗಾಡಿಯೇ ಸರಿ. ದಿನವೂ ದೂರ ಓಡುವುದರಿಂದ ಹೊಗೆಯ ಫಿಲ್ಟರು ಕಟ್ಟಿಕೊಳ್ಳುವ ಚಿಂತೆಯೂ ಇರುವುದಿಲ್ಲ. ದಿನಕ್ಕೆ ನಾಲ್ಕು ಕಿಲೋಮೀಟರ್ ಶಾಲೆ, ಸಂತೆ ಎಂದು ಓಡಿಸುವವರಿಗೆ ಅದೇ ಡೀಸೆಲ್ ತಲೆನೋವಾಗಬಹುದು. ಭಾವ ಈಗ ನೆಕ್ಸಾನ್ ಡೀಸೆಲ್ ಮತ್ತು 3ಎಕ್ಸ್‌ಒ ಡೀಸೆಲ್ ಎರಡನ್ನೂ ನೋಡಿ ಬಂದಿದ್ದಾರೆ. ಅಕ್ಕನನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಇನ್ನೊಮ್ಮೆ ಓಡಿಸಿ ನೋಡಿದ ಮೇಲೆಯೇ ಮುಂಗಡ ಕೊಡಿ ಎಂದಿದ್ದೇನೆ.